ಕಾರ್ಪೆಟ್ ಮೇಲೆ ಎರಡು ಥರ ಪೇಂಟ್ ಬಿದ್ದಿದೆ, ಭಾನುವಾರದೊಳಗೆ ಹೋಗಬೇಕು!

ತ್ಯಾಗರಾಜನಗರದ ಬಾಡಿಗೆದಾರ:
ನಮಸ್ಕಾರ. ಹಬ್ಬಕ್ಕೆ ಹಾಲ್‌ಗೆ ನಾನೇ ಪೇಂಟ್ ಹೊಡೆಯುತ್ತೇನೆ ಅಂತ ಜಂಬ ಕೊಚ್ಚಿಕೊಂಡೆ. ಕಾರ್ಪೆಟ್ ಸುತ್ತಿಡಲು ಸೋಮಾರಿತನ, ಮೇಲೆ ಹಳೇ ಪೇಪರ್ ಹಾಸಿದೆ. ಫ್ಯಾನ್ ಓಡುತ್ತಿದ್ದದ್ದು ಮರೆತೆ. ಪೇಪರ್ ಹಾರಿತು, ರೋಲರ್ ಜಾರಿತು. ಗೋಡೆಯ ಬಿಳಿ ಎಮಲ್ಷನ್ ಅಂಗೈಯಗಲ ಬಿದ್ದಿದೆ. ಅದು ಸಾಲದು ಅಂತ ಕಿಟಕಿ ಸರಳಿನ ಕಂದು ಎನಾಮೆಲ್ ನಾಲ್ಕೈದು ಹನಿ. ಎರಡು ದಿನ ಆಯಿತು, ಒಣಗಿದೆ. ಕಾರ್ಪೆಟ್ ಅತ್ತೆಯವರು ಕೊಟ್ಟದ್ದು. ಭಾನುವಾರ ತಿಪಟೂರಿನಿಂದ ಬರುತ್ತಿದ್ದಾರೆ. ಥಿನ್ನರ್ ಸುರಿದುಬಿಡಲಾ?

ಹಳೇ ಪೇಂಟರ್:
ಅಯ್ಯೋ, ಸುರಿಯಬೇಡಿ ಸ್ವಾಮಿ! ಥಿನ್ನರ್ ಕೆಳಗಿಳಿದರೆ ಕಾರ್ಪೆಟ್ ಅಡಿಯ ಅಂಟೇ ಬಿಟ್ಟುಕೊಳ್ಳಬಹುದು. ಎರಡು ಕಲೆಗೂ ಮದ್ದು ಬೇರೆ.

ಎಮಲ್ಷನ್ ನೀರಿನ ಪೇಂಟ್. ಹಸಿ ಇದ್ದಾಗಲೇ ಆಗಿದ್ದರೆ ಸೋಪು, ನೀರು ಸಾಕಿತ್ತು. ಒಣಗಿದ ಮೇಲೆ ಪ್ಲಾಸ್ಟಿಕ್ ಪದರದ ಹಾಗೆ ಕೂತುಬಿಡುತ್ತದೆ. ಮೊಂಡು ಚಾಕುವಿನಿಂದ ಮೇಲಿನದ್ದು ಕೆರೆದು ಎಬ್ಬಿಸಿ. ಮೆಡಿಕಲ್ ಶಾಪ್‌ನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಹತ್ತಿಯನ್ನು ಅದರಲ್ಲಿ ಅದ್ದಿ ಕಲೆ ಮೇಲೆ ಐದು ನಿಮಿಷ ಇಡಿ. ಮೆತ್ತಗಾದ ಮೇಲೆ ಬಿಳಿ ಬಟ್ಟೆಯಲ್ಲಿ ಅಂಚಿನಿಂದ ಮಧ್ಯಕ್ಕೆ ಒತ್ತಿ ಒತ್ತಿ ತೆಗೆಯಿರಿ. ಉಜ್ಜಿದಿರೋ, ಕಲೆ ಅಗಲವಾಗುತ್ತದೆ. ಒಂದೇ ಸಲಕ್ಕೆ ಹೋಗಲ್ಲ.

ಎನಾಮೆಲ್ ಎಣ್ಣೆ ಪೇಂಟ್, ಅದಕ್ಕೆ ಟರ್ಪಂಟೈನ್. ಬಟ್ಟೆಗೆ ಹಾಕಿ ಒತ್ತಿ, ಕಾರ್ಪೆಟ್‌ಗೆ ಹಾಕಬೇಡಿ. ಕಿಟಕಿ ತೆಗೆದಿರಲಿ. ದೇವರ ದೀಪ, ಗ್ಯಾಸ್ ಒಲೆ ಆರಿರಲಿ. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ನೀರಿಗೆ ಹಾಕಿ ಒರೆಸಿ, ಜಿಡ್ಡು ಹೋಗುತ್ತದೆ. ಏನೇ ಹಾಕುವುದಿದ್ದರೂ ಸೋಫಾ ಕೆಳಗಿನ ಮೂಲೆಯಲ್ಲಿ ಮೊದಲು ನೋಡಿ, ಕಾರ್ಪೆಟ್ ಬಣ್ಣವೇ ಬಿಡಬಾರದಲ್ವಾ.

ಅರ್ಧ ಸುಟ್ಟವನು:
ಇಸ್ತ್ರಿ ಪೆಟ್ಟಿಗೆ ಇಟ್ಟರೆ ಹೋಗುತ್ತದೆ ಅಂತ ವಿಡಿಯೊ ನೋಡಿ ನಾನು ಮಾಡಿದೆ. ಕಲೆ ಹೋಯಿತು, ಕಾರ್ಪೆಟ್ಟೂ ಹೋಯಿತು. ಪ್ಲಾಸ್ಟಿಕ್ ನೂಲು, ಕರಗಿಬಿಟ್ಟಿತು.

ಚಾಮರಾಜಪೇಟೆ ಅಜ್ಜಿ:
ಉಣ್ಣೆಯದಾ, ಸಿಂಥೆಟಿಕ್ಕಾ, ಅದು ನೋಡಿಕೋಪ್ಪ. ಅಂಚಿನಿಂದ ಒಂದೇ ಒಂದು ಎಳೆ ಕಿತ್ತು ಸಿಂಕ್ ಮೇಲೆ ಹಿಡಿದು ಸುಡು. ಟರ್ಪಂಟೈನ್ ಬಾಟಲಿ ತೆಗೆಯುವ ಮುಂಚೆ, ಆಮೇಲಲ್ಲ! ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಉಣ್ಣೆಯಾದರೆ ಬ್ಲೀಚ್ ಹತ್ತಿರಕ್ಕೂ ತರಬೇಡ, ಬಿಸಿನೀರೂ ಬೇಡ. ಎನಾಮೆಲ್ ಹನಿ ನೂಲಿನ ತುದಿಯಲ್ಲೇ ನಿಂತಿದ್ದರೆ ಇಷ್ಟೆಲ್ಲ ಯಾಕೆ, ಸಣ್ಣ ಕತ್ತರಿಯಲ್ಲಿ ತುದಿ ಮಾತ್ರ ಕತ್ತರಿಸಿ ಹಾಕು. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದು. ಇವತ್ತಿಗೂ ನಮ್ಮ ಯಜಮಾನರಿಗೆ ಗೊತ್ತಿಲ್ಲ.

ತ್ಯಾಗರಾಜನಗರದ ಬಾಡಿಗೆದಾರ:
ಎಲ್ಲರಿಗೂ ಥ್ಯಾಂಕ್ಸ್. ಎಳೆ ಸುಟ್ಟೆ, ಮಣಿಯಾಯಿತು. ಅತ್ತೆಯವರು ಇಷ್ಟು ವರ್ಷ "ಪ್ಯೂರ್ ಉಣ್ಣೆ" ಅನ್ನುತ್ತಿದ್ದರು, ಇದನ್ನು ಹೇಗೆ ಹೇಳುವುದೋ! ಬಿಳಿ ಕಲೆ ಮೂರು ಸಂಜೆ ಹಿಡಿಯಿತು, ಈಗ ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಕಂದು ಹನಿ ಮೂರು ಕತ್ತರಿಗೆ ಹೋದವು, ಒಂದಕ್ಕೆ ಟರ್ಪಂಟೈನ್ ಬೇಕಾಯಿತು. ವಾಸನೆ ಹೋಗಲಿ ಅಂತ ಟೆರೇಸ್ ಮೇಲೆ ಹಾಕಿದ್ದೇನೆ. ಅಯ್ಯೋ, ಹನಿ ಶುರುವಾಯಿತು. ಎತ್ತಿಕೊಂಡು ಬಂದೆ, ಇರಿ.