ಓಟದಿಂದ ಟ್ರಯಥ್ಲಾನ್‌ಗೆ: ಕ್ಲಬ್ಬಿನವರ ಜೊತೆ ತರಬೇತಿ ಹೊಂದಿಸಿಕೊಳ್ಳೋದು ಹೇಗೆ?

ಪ್ರಶ್ನೆ: ವಾರಕ್ಕೆ ಮೂರು ದಿನ ಕ್ಲಬ್ಬಿನವರ ಜೊತೆ ಓಡ್ತೀನಿ. 10 ಕಿ.ಮೀ.ಗೆ ಒಂದು ಗಂಟೆ ಹಿಡಿಯುತ್ತೆ. ಮೂರು ತಿಂಗಳಲ್ಲಿ ಒಲಿಂಪಿಕ್ ದೂರದ ಟ್ರಯಥ್ಲಾನ್ ಇದೆ: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ನಿಧಾನ ಓಟ ಅಂತ ಹೊರಟರೂ ಗುಂಪಿನಲ್ಲಿ ಪೈಪೋಟಿ ಶುರುವಾಗುತ್ತೆ. ಸೈಕಲ್ ಇಳಿದ ಮೇಲಂತೂ ಕಾಲು ಎತ್ತೋಕೇ ಆಗಲ್ಲ. ಗೊತ್ತಿರೋರು ಹೇಳಿ.

ಉತ್ತರ 1: ಗುಂಪಿನ ಓಟಕ್ಕೆ ದೂರ ಗೊತ್ತು ಮಾಡೋದು ಬಿಡಿ, ಸಮಯ ಗೊತ್ತು ಮಾಡಿ. ಎಲ್ಲರೂ ಒಟ್ಟಿಗೆ ಹೊರಡಿ, 25ನೇ ನಿಮಿಷಕ್ಕೆ ಯಾರು ಎಲ್ಲಿದ್ದರೂ ಅಲ್ಲೇ ತಿರುಗಿ. ವೇಗದವರಿಗೆ ವಾಪಸ್ ದಾರಿ ಉದ್ದ, ನಿಧಾನದವರಿಗೆ ಗಿಡ್ಡ, ಹಾಗಾಗಿ ಎಲ್ಲರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬಂದು ಸೇರ್ತಾರೆ. ನೀವು ತಡವಾಗಿ ಬಂದ್ರೆ ಹೋಗುವಾಗ ಜಾಸ್ತಿ ಜೋರಾಗಿ ಓಡಿದ್ರಿ ಅಂತಲೇ ಲೆಕ್ಕ. ನಿಮ್ಮ 10 ಕಿ.ಮೀ. ಸಮಯಕ್ಕೆ ನಿಧಾನ ಓಟ ಅಂದ್ರೆ ಕಿ.ಮೀ.ಗೆ 7ರಿಂದ 7.30 ನಿಮಿಷ. ಏದುಸಿರಿಲ್ಲದೆ ಪೂರ್ತಿ ವಾಕ್ಯ ಆಡೋಕೆ ಆಗಬೇಕು. ಪೈಪೋಟಿ ಬೇಕೇ ಬೇಕು ಅನ್ನೋರಿಗೆ ವಾರಕ್ಕೊಂದು ಟ್ರ್ಯಾಕ್ ದಿನ ಸಾಕು: 3 ನಿಮಿಷ ಜೋರು, 2 ನಿಮಿಷ ಮೆಲ್ಲಗೆ, ಐದು ಸಲ. ಮೆಲ್ಲಗೆ ಓಡುವ ಹೊತ್ತಲ್ಲಿ ಮುಂದಿರೋರು ಹಿಂದಕ್ಕೆ ತಿರುಗಿ ಬಂದು ಗುಂಪು ಸೇರಿಕೊಳ್ಳಲಿ.

ಉತ್ತರ 2: ಕಾಲು ಭಾರ ಆಗೋದಕ್ಕೆ ಮದ್ದು ಬ್ರಿಕ್, ಅಂದ್ರೆ ಸೈಕಲ್ ಇಳಿದ ತಕ್ಷಣ ಓಟ. ಶುರುವಿಗೆ 45 ನಿಮಿಷ ಸೈಕಲ್, ಅದರ ಹಿಂದೆಯೇ 10 ನಿಮಿಷ ಓಟ. ವಾರಕ್ಕೆ ಒಂದೇ ಸಲ. ತಿಂಗಳು ಎರಡು ತಿಂಗಳಲ್ಲಿ 75 ನಿಮಿಷ ಸೈಕಲ್, 20 ನಿಮಿಷ ಓಟಕ್ಕೆ ಬಂದ್ರೆ ಈ ದೂರಕ್ಕೆ ಧಾರಾಳ. ಸೈಕಲ್ಲಿನ ಕೊನೆಯ 5 ನಿಮಿಷ ಹಗುರ ಗೇರಿಗೆ ಇಳಿಸಿ, ನಿಮಿಷಕ್ಕೆ 90 ಸುತ್ತಿನ ಹತ್ತಿರ ಪೆಡಲ್ ತಿರುಗಿಸಿ. ಇಳಿದ ಮೇಲೆ ಹೆಜ್ಜೆ ಗಿಡ್ಡ ಇರಲಿ.

ಎಡವಟ್ಟಾಗೋದು ಮೊದಲನೇ ಕಿಲೋಮೀಟರಲ್ಲಿ. ಸೈಕಲ್ಲಿನ ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟದ ವೇಗ ಆಮೆ ನಡಿಗೆ ಥರ ಕಾಣುತ್ತೆ, ಗೊತ್ತಿಲ್ಲದೆ ಜೋರಾಗಿ ಓಡಿಬಿಡ್ತೀರಿ. ವಾಚ್ ನೋಡಿಕೊಂಡು ಗುರಿಗಿಂತ 15–20 ಸೆಕೆಂಡ್ ನಿಧಾನವಾಗೇ ಹೋಗಿ.

ಗೆಳೆಯರಿದ್ರೆ ಇನ್ನೂ ಅನುಕೂಲ. ವಾಹನ ಓಡಾಡದ ಒಂದು ಸುತ್ತು ಹಿಡಿದು 6 ಕಿ.ಮೀ. ಸೈಕಲ್, 1 ಕಿ.ಮೀ. ಓಟ, ಮೂರು ಸಲ ಮಾಡಿ. ಒಬ್ಬರು ಸೈಕಲ್ ಕಾಯಲಿ. ಒಂದು ಆಟದಿಂದ ಇನ್ನೊಂದಕ್ಕೆ ಬದಲಾಗೋದೂ ಪಳಗುತ್ತೆ: ಮೊದಲು ಹೆಲ್ಮೆಟ್ ಬಕಲ್ ಹಾಕಿ, ಆಮೇಲೆ ಸೈಕಲ್ ಮುಟ್ಟಿ. ವಾಪಸ್ ಬಂದಾಗ ಸೈಕಲ್ ನಿಲ್ಲಿಸಿದ ಮೇಲಷ್ಟೇ ಬಕಲ್ ಬಿಚ್ಚಿ. ತಪ್ಪಿದ್ರೆ ದಂಡದ ಸಮಯ ಬೀಳಬಹುದು. ಶೂಗೆ ಎಲಾಸ್ಟಿಕ್ ಲೇಸ್ ಹಾಕಿಸಿ, ಕಟ್ಟೋ ಗೋಜೇ ಇರಲ್ಲ.

ಉತ್ತರ 3: ಬ್ರಿಕ್ ಸರಿ, ಅದಕ್ಕೂ ಮುಂಚೆ ಸೀಟಿನ ಎತ್ತರ ನೋಡಿ. ಪೆಡಲ್ ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ರೆ ಮಂಡಿ ನೇರ ಆಗಬೇಕು. ಮುಂಗಾಲಿಟ್ಟು ತುಳಿಯುವಾಗ ಆಗ ತಾನಾಗೇ ಸ್ವಲ್ಪ ಬಾಗಿರುತ್ತೆ. ಸೀಟು ಕೆಳಗಾದ್ರೆ ಮಂಡಿಯ ಮುಂದೆ ನೋವು ಬರಬಹುದು. ಮೇಲಾದ್ರೆ ಸೊಂಟ ಆ ಕಡೆ ಈ ಕಡೆ ಓಲಾಡುತ್ತೆ, ಮಂಡಿಯ ಹಿಂದೆ ಎಳೆಯುತ್ತೆ. ಒಂದು ಸಲಕ್ಕೆ 5 ಮಿ.ಮೀ.ಗಿಂತ ಜಾಸ್ತಿ ಬದಲಿಸಬೇಡಿ.

ಗುಂಪಿನ ಸವಾರಿ ನಂಬಿ ಲೆಕ್ಕ ಹಾಕಬೇಡಿ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೋದ್ರೆ ಎದುರುಗಾಳಿ ಅವರ ಪಾಲು, ಆರಾಮಾಗಿ ಬಂದ ವೇಗ ನಿಮ್ಮದಲ್ಲ. ಹವ್ಯಾಸಿಗಳ ರೇಸುಗಳಲ್ಲಿ ಹೆಚ್ಚಿನವು ಇದಕ್ಕೆ ಅವಕಾಶ ಕೊಡಲ್ಲ. ವಾರದಲ್ಲಿ ಒಂದು ಸವಾರಿನಾದ್ರೂ ಒಬ್ಬರೇ ಹೋಗಿ. ಗುಂಪಿನಲ್ಲಿದ್ದಾಗ ನಿಮ್ಮ ಮುಂದಿನ ಚಕ್ರ ಬೇರೆಯವರ ಹಿಂದಿನ ಚಕ್ರದ ಪಕ್ಕಕ್ಕೆ ಬರದ ಹಾಗೆ ನೋಡಿಕೊಳ್ಳಿ. ಅವರು ಒಂಚೂರು ಸರಿದರೂ ಬೀಳೋದು ನೀವೇ.

ಕುಡಿಯೋದು ತಿನ್ನೋದು ಸೈಕಲ್ ಮೇಲೇ ಮುಗಿಸಿ: ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ರೇಸ್ ದಿನ ಹೊಸ ಜೆಲ್ ಪರೀಕ್ಷೆ ಬೇಡ, ಹೊಟ್ಟೆ ಕೈಕೊಡುತ್ತೆ.

ಉತ್ತರ 4: ಈಜಿನ ಬಗ್ಗೆ ನೀವು ಕೇಳೇ ಇಲ್ಲ! ಕೆರೆ, ಸಮುದ್ರದಂಥ ತೆರೆದ ನೀರಲ್ಲಿ ಈಜುಕೊಳದ ಥರ ದಾರಿ ತೋರಿಸೋ ತಳದ ಗೆರೆ ಇರಲ್ಲ. 6–8 ಸಲ ಕೈ ಬೀಸಿದ ಮೇಲೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರೋ ಹಾಗೆ ಎತ್ತಿ ಗುರುತು ನೋಡಿ, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರು ತಗೊಳ್ಳಿ. ತಲೆ ಪೂರ್ತಿ ಎತ್ತಿದ್ರೆ ಕಾಲು ಮುಳುಗುತ್ತೆ. ಮೂರು ಜನ ಅಕ್ಕಪಕ್ಕ ಮೈಗೆ ಮೈ ತಾಗಿಸಿಕೊಂಡು ಈಜಿ ರೂಢಿ ಮಾಡಿ, ರೇಸ್ ಶುರುವಿನ ಗದ್ದಲಕ್ಕೆ ಗಾಬರಿ ಆಗಲ್ಲ. ಒಬ್ಬರೇ ಯಾವತ್ತೂ ಇಳಿಯಬೇಡಿ. ಎದ್ದು ಕಾಣೋ ಬಣ್ಣದ ಟೋಪಿ, ಸೊಂಟಕ್ಕೊಂದು ತೇಲುಬುರುಡೆ ಇರಲಿ. ದಡದಲ್ಲಿ ಕೈ ತಳಕ್ಕೆ ತಾಗಿದ ಮೇಲೇ ಎದ್ದು ನಿಲ್ಲಿ.

ಉತ್ತರ 5: ವಾರ ಹೀಗೆ ಕೂರಿಸಬಹುದು: ಸೋಮ ರಜೆ, ಮಂಗಳ ಈಜು, ಬುಧ ಕ್ಲಬ್ ಟ್ರ್ಯಾಕ್, ಗುರು ಒಬ್ಬರೇ ಸೈಕಲ್, ಶುಕ್ರ ಈಜು, ಶನಿ ಗುಂಪಿನ ಸವಾರಿ ಮತ್ತು ಬ್ರಿಕ್, ಭಾನು ಸಮಯ ನೋಡಿ ತಿರುಗೋ ನಿಧಾನ ಓಟ. ನಾಲ್ಕು ವಾರಕ್ಕೊಮ್ಮೆ ಮೂರನೇ ಒಂದು ಭಾಗ ಕಡಿಮೆ ಮಾಡಿ. ಕೊನೆಯ 10 ದಿನ ದೂರ ಅರ್ಧಕ್ಕಿಳಿಸಿ, ಚೂರುಪಾರು ವೇಗ ಉಳಿಸಿಕೊಳ್ಳಿ. ಕಣಕಾಲಿನ ಮೂಳೆಯ ಮೇಲೆ ಬೆರಳಿಟ್ಟರೆ ಒಂದೇ ಜಾಗದಲ್ಲಿ ನೋವಿದೆ ಅಂದ್ರೆ ಅದು ಬರೀ ಮೈಕೈ ನೋವಲ್ಲ. ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಈಜು ಮುಂದುವರಿಸಬಹುದಾ ಅಂತಲೂ ಅವರನ್ನೇ ಕೇಳಿ.