ಅಪ್ಪನ ನೋವಿಗೆ ಮಾರ್ಫಿನ್ ಬರೆದಿದ್ದಾರೆ, ಶುರು ಮಾಡಬಹುದಾ? ಮನೆಯವರನ್ನು ನೋಡಿಕೊಂಡವರು ಹೇಳಿ

ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ಮೂಳೆಗೂ ಹರಡಿದೆ. ಕೀಮೋ ನಡೆಯುತ್ತಿದೆ. ಈಗ ಸೊಂಟ, ಬೆನ್ನು ನೋವು ಜಾಸ್ತಿಯಾಗಿ ರಾತ್ರಿ ನಿದ್ದೆಯೇ ಇಲ್ಲ. ಡಾಕ್ಟರು ಪ್ಯಾಲಿಯೇಟಿವ್ ಕೇರ್ (ದೊಡ್ಡ ಕಾಯಿಲೆ ಇದ್ದವರ ನೋವು, ಸಂಕಟ ತಗ್ಗಿಸುವ ಆರೈಕೆ) ವಿಭಾಗಕ್ಕೆ ಕಳಿಸಿದರು, ಅಲ್ಲಿ ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಅಣ್ಣ ಬೇಡ ಎನ್ನುತ್ತಾನೆ. ಅದು ಕೊನೆಗೆ ಕೊಡುವ ಔಷಧಿಯಂತೆ, ಈಗಲೇ ಕೊಟ್ಟರೆ ಚಟ ಹತ್ತುತ್ತದಂತೆ, ಮುಂದೆ ನೋವು ಜಾಸ್ತಿಯಾದಾಗ ಕೊಡಲು ಏನೂ ಉಳಿಯುವುದಿಲ್ಲವಂತೆ. ಮಾತ್ರೆ ಹಾಗೇ ಕೂತಿದೆ. ಅಪ್ಪ ಊಟವನ್ನೂ ಬಿಡುತ್ತಿದ್ದಾರೆ. ಅಮ್ಮ ಒತ್ತಾಯ ಮಾಡಿ ತಿನ್ನಿಸಲು ಹೋಗುತ್ತಾರೆ, ಆಮೇಲೆ ಇಬ್ಬರೂ ಅಳುತ್ತಾರೆ. ಏನು ಮಾಡಲಿ?

ಅಮ್ಮನನ್ನು ನೋಡಿಕೊಂಡ ಮಗಳು

ತಂಗಿ, ಮಾತ್ರೆ ಶುರು ಮಾಡಿ. ನಿಮ್ಮ ಅಣ್ಣನ ಭಯ ನಮ್ಮ ಮನೆಯಲ್ಲೂ ಇತ್ತು. "ಮಾರ್ಫಿನ್ ಅಂದರೆ ಇನ್ನು ಮುಗೀತು ಅಂತ ಅಲ್ವಾ?" ಎಂದು ಅಮ್ಮನೇ ಕೇಳಿದ್ದರು. ಡಾಕ್ಟರು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು ಹೇಳಿದರು: ಮಾರ್ಫಿನ್ ಕೊಡುವುದು ನೋವು ಎಷ್ಟಿದೆ ಎಂದು ನೋಡಿ, ಆಯುಸ್ಸು ಎಷ್ಟಿದೆ ಎಂದು ನೋಡಿ ಅಲ್ಲ. ಅಮ್ಮ ಕೀಮೋ ತೆಗೆದುಕೊಳ್ಳುತ್ತಲೇ ಮಾರ್ಫಿನ್ ಕೂಡ ತೆಗೆದುಕೊಂಡರು. ನಿದ್ದೆ ಬಂತು. ನಿದ್ದೆ ಬಂದ ಮೇಲೆ ಎದ್ದು ಓಡಾಡುವ ಮನಸ್ಸೂ ಬಂತು.

ಚಟದ ಬಗ್ಗೆ ಹೇಳುವುದಾದರೆ, ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದ ಅಳತೆಯಲ್ಲಿ ತೆಗೆದುಕೊಳ್ಳುವವರಲ್ಲಿ ಅದು ಅಪರೂಪ. ದೇಹ ಔಷಧಿಗೆ ಒಗ್ಗಿಕೊಳ್ಳುತ್ತದೆ, ಅದಕ್ಕೇ ಒಮ್ಮೆಲೇ ನಿಲ್ಲಿಸಬಾರದು ಅಷ್ಟೇ. ಮುಂದಕ್ಕೆ ಏನೂ ಉಳಿಯುವುದಿಲ್ಲ ಎನ್ನುವುದೂ ನಿಜವಲ್ಲ. ಪ್ಯಾರಸಿಟಮಾಲ್‌ಗೆ ದಿನಕ್ಕೆ ಇಷ್ಟೇ ಎಂಬ ಮಿತಿ ಇದೆ. ಮಾರ್ಫಿನ್‌ಗೆ ಅಂಥ ಒಂದು ಗೆರೆ ಇಲ್ಲ. ನೋವು ಏರಿದರೆ ಡಾಕ್ಟರು ನೋಡಿಕೊಂಡು ಏರಿಸುತ್ತಾರೆ, ಇಳಿದರೆ ಇಳಿಸುತ್ತಾರೆ.

ಇದಕ್ಕಿಂತ ಮುಖ್ಯ, ಗಡಿಯಾರ ನೋಡಿ ಕೊಡುವುದು. ಸಾಮಾನ್ಯ ಮಾರ್ಫಿನ್ ಮಾತ್ರೆ ಹಿಡಿಯಲು ಅರ್ಧ ಗಂಟೆ ಬೇಕು, ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ನೋವು ಬರಲಿ, ಆಮೇಲೆ ಕೊಡೋಣ ಎಂದು ಕಾಯುತ್ತಾ ಕೂತರೆ ರೋಗಿ ಇಡೀ ದಿನ ನೋವಿನ ಹಿಂದೆಯೇ ಓಡಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದ್ದು ಇದು: ಸಾಧ್ಯವಾದಷ್ಟು ಬಾಯಿಯ ಮೂಲಕ ಕೊಡಿ, ಹೊತ್ತಿಗೆ ಸರಿಯಾಗಿ ಕೊಡಿ. ನಡುವೆ ನೋವು ತಲೆ ಎತ್ತಿದರೆ ಎಂದು ಬೇರೆಯೇ ಒಂದು ಹೆಚ್ಚುವರಿ ಡೋಸ್ ಬರೆದುಕೊಡುತ್ತಾರೆ. ಅದು ಎಷ್ಟು, ಎಷ್ಟು ಹೊತ್ತಿಗೊಮ್ಮೆ ಕೊಡಬಹುದು ಎಂದು ಬರೆಸಿಕೊಂಡೇ ಬನ್ನಿ. ಅಮ್ಮನಿಗೆ ಸ್ನಾನಕ್ಕೆ ಅರ್ಧ ಗಂಟೆ ಮೊದಲೇ ಅದನ್ನು ಕೊಡುವಂತೆ ಹೇಳಿದ್ದರು. ಅಲ್ಲಿಯವರೆಗೆ ಸ್ನಾನ ಎಂದರೆ ಹೆದರುತ್ತಿದ್ದವರು ಬಿಸಿನೀರು ಬೆನ್ನ ಮೇಲೆ ಬಿದ್ದಾಗ ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದರು.

ಒಂದು ನೋಟ್‌ಬುಕ್ ಇಡಿ. ಸಮಯ, ನೋವು ಹತ್ತಕ್ಕೆ ಎಷ್ಟು, ಕೊಟ್ಟ ಔಷಧಿ, ಮಲ ಹೋಯಿತಾ, ಇಷ್ಟು ಸಾಕು. ಹೆಚ್ಚುವರಿ ಡೋಸ್ ದಿನಕ್ಕೆ ಎಷ್ಟು ಸಲ ಬೇಕಾಯಿತು ಎಂದು ನೋಡಿಯೇ ಡಾಕ್ಟರು ಮುಂದಿನ ಅಳತೆ ಗೊತ್ತು ಮಾಡುತ್ತಾರೆ. ಇನ್ನೊಂದು, ಹಿರಿಯರು "ಪರವಾಗಿಲ್ಲ" ಎನ್ನುತ್ತಾರೆ. ಅಮ್ಮನೂ ಅನ್ನುತ್ತಿದ್ದರು, ಆದರೆ ಮಗ್ಗುಲು ಬದಲಿಸುವಾಗ ಹೊದಿಕೆಯ ಅಂಚನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು. ಅವರು ಹೇಳಿದ ಅಂಕಿಯ ಪಕ್ಕದಲ್ಲಿ ನಾನು ಅದನ್ನೂ ಬರೆದಿಡುತ್ತಿದ್ದೆ.

ಅಣ್ಣನಿಗೆ ಇದನ್ನೂ ಹೇಳಿ. ಬಾಸ್ಟನ್‌ನ ವೈದ್ಯರು ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆ ಶುರುವಿನಿಂದಲೇ ಪ್ಯಾಲಿಯೇಟಿವ್ ಕೇರ್. ಎರಡನೆಯವರು ಹೆಚ್ಚು ನೆಮ್ಮದಿಯಿಂದ ಇದ್ದರು. ಬದುಕಿದ್ದೂ ಜಾಸ್ತಿಯೇ: ಮಧ್ಯಕ ಲೆಕ್ಕದಲ್ಲಿ (ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 11.6 ತಿಂಗಳು, ಮೊದಲ ಗುಂಪಿನವರು 8.9. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಆದರೆ ಪ್ಯಾಲಿಯೇಟಿವ್ ಕೇರ್‌ಗೆ ಹೋದರೆ ಡಾಕ್ಟರು ಕೈಬಿಟ್ಟ ಹಾಗೆ ಎಂದು ಹೆದರುವವರಿಗೆ ಇದಕ್ಕಿಂತ ಉತ್ತರ ಬೇಕಾ?

ಪ್ಯಾಲಿಯೇಟಿವ್ ವಾರ್ಡಿನ ನರ್ಸ್

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ, ಏಕೆಂದರೆ ನಿಮ್ಮ ತಂದೆಯದು ಮೂಳೆಗೆ ಹರಡಿದ ಕ್ಯಾನ್ಸರ್, ಬೆನ್ನು ನೋವೂ ಇದೆ. ಕಾಲಲ್ಲಿ ಶಕ್ತಿ ಕಮ್ಮಿಯಾದರೆ, ಮರಗಟ್ಟಿದರೆ, ನಡೆಯುವಾಗ ಕಾಲು ತಡವರಿಸಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದಂತೆ ಮೂತ್ರ ಹೋದರೆ, ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ತಕ್ಷಣ ಸ್ಟೀರಾಯ್ಡ್, ಸ್ಕ್ಯಾನ್, ರೇಡಿಯೇಶನ್ ಸಿಕ್ಕರೆ ಕಾಲಿನ ಶಕ್ತಿ ಉಳಿಯುವ ಸಾಧ್ಯತೆ ಹೆಚ್ಚು. ತಡವಾದರೆ ಹೋದ ಶಕ್ತಿ ವಾಪಸ್ ಬರುವುದು ಕಷ್ಟ. ಕೀಮೋ ನಡೆಯುವಾಗ 38 ಡಿಗ್ರಿ ದಾಟಿದ ಜ್ವರಕ್ಕೂ ಇದೇ ಮಾತು, ಅವತ್ತೇ ಆಸ್ಪತ್ರೆಗೆ.

ಇನ್ನು ಮಾರ್ಫಿನ್. ಹೆಚ್ಚು ಕಡಿಮೆ ಎಲ್ಲರಿಗೂ ಮಲಬದ್ಧತೆ ಆಗುತ್ತದೆ. ವಾಕರಿಕೆ, ಜೋಂಪು ಕೆಲವು ದಿನಗಳಲ್ಲಿ ತಗ್ಗುತ್ತವೆ, ಇದು ತಗ್ಗುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಬೇಕು. ಬರೆದಿಲ್ಲದಿದ್ದರೆ ಕೇಳಿ. ಎಷ್ಟೋ ಜನ ನೋವು ಕಮ್ಮಿಯಾಗಿದ್ದರೂ ಹೊಟ್ಟೆ ಕಟ್ಟಿತು ಎಂದು ಮಾರ್ಫಿನ್ನನ್ನೇ ಬಿಟ್ಟುಬಿಡುತ್ತಾರೆ. ನೋಡಿದರೆ ಸಂಕಟವಾಗುತ್ತದೆ, ಏಕೆಂದರೆ ಅದು ತಪ್ಪಿಸಬಹುದಾದ ಕಷ್ಟ.

ಮೊದಲ ದಿನಗಳಲ್ಲಿ ಜಾಸ್ತಿ ನಿದ್ದೆ ಮಾಡಿದರೆ ಗಾಬರಿ ಬೇಡ, ತುಂಬಾ ರಾತ್ರಿಗಳ ಬಾಕಿ ನಿದ್ದೆಯೂ ಅದರಲ್ಲಿರುತ್ತದೆ. ಆದರೆ ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ತುರ್ತು ನೆರವು ಕರೆಸಿ. ಕೈಕಾಲು ಆಗಾಗ ಬೆಚ್ಚಿದಂತೆ ಎಗರಿದರೆ, ಇಲ್ಲದ್ದು ಕಂಡಂತೆ ಮಾತಾಡಿದರೆ ಅವತ್ತೇ ಫೋನ್ ಮಾಡಿ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಮಾರ್ಫಿನ್ ದೇಹದಲ್ಲಿ ಉಳಿದುಕೊಳ್ಳುತ್ತದೆ. ಆಗ ಅಳತೆ ಇಳಿಸುತ್ತಾರೆ, ಇಲ್ಲವೇ ಬೇರೆ ಔಷಧಿ ಕೊಡುತ್ತಾರೆ. ಹನ್ನೆರಡು ಗಂಟೆ ಕೆಲಸ ಮಾಡುವ ಮಾತ್ರೆ ಕೊಟ್ಟರೆ ಅದನ್ನು ಪುಡಿ ಮಾಡಬೇಡಿ. ಮುಂದೆ ಫೆಂಟನಿಲ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ನೋವಿನ ಔಷಧಿ) ಹಚ್ಚಿದರೆ ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು, ಶಾಖಕ್ಕೆ ಔಷಧಿ ಒಮ್ಮೆಲೇ ಜಾಸ್ತಿ ಒಳಗೆ ಹೋಗುತ್ತದೆ. ಇವೆಲ್ಲವೂ ಮಕ್ಕಳ ಕೈಗೆ ಸಿಗದ ಕಡೆ ಬೀಗದಲ್ಲಿರಲಿ.

ಎಲ್ಲಾ ನೋವಿಗೂ ಮಾರ್ಫಿನ್ ಒಂದೇ ಸಾಲದು. ಉರಿ, ಶಾಕ್ ಹೊಡೆದಂತೆ, ಸೂಜಿ ಚುಚ್ಚಿದಂತೆ ಆಗುವುದು ನರದ ನೋವು, ಅದಕ್ಕೆ ಗ್ಯಾಬಾಪೆಂಟಿನ್ ಥರದ ಔಷಧಿ ಸೇರಿಸುತ್ತಾರೆ. ಹಾಗಾಗಿ ಎಷ್ಟು ನೋವು ಎನ್ನುವುದರ ಜೊತೆ ಎಂಥ ನೋವು ಎಂದೂ ಹೇಳಿ. ಮೂಳೆ ನೋವಿಗೆ ಆ ಜಾಗಕ್ಕೆ ಒಂದೇ ಸಲ ಕೊಡುವ ರೇಡಿಯೇಶನ್ ಕೂಡ ಬಹಳ ಜನರಿಗೆ ಆರಾಮ ಕೊಡುತ್ತದೆ. ಪರಿಣಾಮ ಗೊತ್ತಾಗಲು ಕೆಲವು ವಾರ ಹಿಡಿಯಬಹುದು. ನಿಮ್ಮ ತಂದೆಗೆ ಆಗುತ್ತದಾ ಎಂದು ಕೇಳಿ ನೋಡಿ.

ಹೆಂಡತಿಯನ್ನು ನೋಡಿಕೊಂಡ ಗಂಡ

ಔಷಧಿ ವಿಷಯ ಅವರಿಬ್ಬರೂ ಹೇಳಿದ್ದಾರೆ. ನಾನು ಊಟದ ಬಗ್ಗೆ ಮಾತ್ರ ಬರೆಯುತ್ತೇನೆ.

ನಿಮ್ಮ ಅಮ್ಮನ ಸಂಕಟ ನನಗೆ ಚೆನ್ನಾಗಿ ಗೊತ್ತು. ತಟ್ಟೆ ಹಾಗೇ ವಾಪಸ್ ಬಂದಾಗ ನಮ್ಮನ್ನೇ ಬೇಡ ಅಂದ ಹಾಗೆ ಅನ್ನಿಸುತ್ತದೆ. ಆದರೆ ಕಾಯಿಲೆ ಈ ಹಂತಕ್ಕೆ ಬಂದಾಗ ಕ್ಯಾನ್ಸರೇ ಹಸಿವನ್ನು ಕೊಲ್ಲುತ್ತದೆ. ದೇಹ ಆಹಾರವನ್ನು ಬಳಸಿಕೊಳ್ಳುವ ರೀತಿಯೇ ಬದಲಾಗಿರುತ್ತದೆ, ಮಾಂಸಖಂಡ ಕರಗುತ್ತದೆ. ಬಲವಂತವಾಗಿ ತಿನ್ನಿಸಿ ಅದನ್ನು ತಡೆಯಲು ಆಗುವುದಿಲ್ಲ. ವಾಂತಿ, ಹೊಟ್ಟೆ ಭಾರ, ಜಗಳ ಇಷ್ಟೇ ಸಿಗುವುದು. ಇದನ್ನು ಅಮ್ಮನಿಗೆ ನೀವು ಹೇಳಬೇಡಿ, ಡಾಕ್ಟರ ಬಾಯಿಂದ ಹೇಳಿಸಿ. ನನಗೂ ಡಾಕ್ಟರು ಹೇಳಿದ ಮೇಲೇ ಮನಸ್ಸು ಒಪ್ಪಿದ್ದು.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಊಟ ಬೇಡ ಎನ್ನುವುದಕ್ಕೆ ಬಾಯಿ ಹುಣ್ಣು, ನಾಲಿಗೆ ಮೇಲೆ ಬಿಳಿ ಪದರ, ವಾಕರಿಕೆ, ಮಲಬದ್ಧತೆ ಕಾರಣ ಇರಬಹುದು. ಇವಕ್ಕೆಲ್ಲ ಔಷಧಿ ಇದೆ. ಟಾರ್ಚ್ ಹಾಕಿ ಬಾಯೊಳಗೆ ನೋಡಿ. ಚಿಕ್ಕ ಬಟ್ಟಲಲ್ಲಿ ಎರಡು ಚಮಚ, ಅವರು ಕೇಳಿದ ಹೊತ್ತಿಗೆ, ಅವರು ಕೇಳಿದ್ದೇ ಕೊಡಿ. ಕೊನೆಕೊನೆಗೆ ನನ್ನ ಹೆಂಡತಿಗೆ ಊಟಕ್ಕಿಂತ ಬಾಯಿ ಒಣಗುವುದೇ ದೊಡ್ಡ ಕಷ್ಟವಾಗಿತ್ತು. ಮೆತ್ತನೆ ಬ್ರಷ್‌ನಿಂದ ಹಲ್ಲು ಉಜ್ಜಿ, ತುಟಿಗೆ ಮುಲಾಮು ಹಚ್ಚಿ, ಐಸ್ ಚೂರು ನಾಲಿಗೆ ಮೇಲೆ ಇಡುತ್ತಿದ್ದೆ. ನಿಮ್ಮ ಅಮ್ಮನಿಗೆ ಈ ಕೆಲಸ ವಹಿಸಿ. ತಿನ್ನಿಸಬೇಕು ಎಂದು ಒದ್ದಾಡುವ ಕೈಗೆ ಏನಾದರೂ ಕೆಲಸ ಬೇಕಲ್ವಾ.

ಕೇಳಿದವರು

ಎಲ್ಲರಿಗೂ ಕೈಮುಗಿದೆ. ಅಣ್ಣನಿಗೆ ಓದಿ ಹೇಳಿದೆ, ಮಾತ್ರೆ ಶುರುವಾಗಿದೆ. ನಿನ್ನೆ ಅಪ್ಪ ನಾಲ್ಕು ಗಂಟೆ ಒಂದೇ ಸಮನೆ ಮಲಗಿದರು. ಆದರೆ ಒಂದೊಂದು ರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಾರೆ, ಆಗ ನಮ್ಮೆಲ್ಲರ ಕೈಕಾಲು ಆಡುವುದಿಲ್ಲ. ಮನೆಯಲ್ಲಿ ಏನು ಮಾಡಬಹುದು?

ಪ್ಯಾಲಿಯೇಟಿವ್ ವಾರ್ಡಿನ ನರ್ಸ್

ನೇರವಾಗಿ ಕೂರಿಸಿ, ಮುಂದೆ ಒಂದು ಮೇಜು, ಅದರ ಮೇಲೆ ದಿಂಬು, ಅದಕ್ಕೆ ಕೈಯೂರಿ ಬಾಗಲಿ. ಕಿಟಕಿ ತೆರೆಯಿರಿ. ಕೈಯಲ್ಲಿ ಹಿಡಿಯುವ ಸಣ್ಣ ಫ್ಯಾನ್ ತಂದು ಮೂಗು, ಕೆನ್ನೆಗೆ ಗಾಳಿ ತಾಗುವ ಹಾಗೆ ಹಿಡಿಯಿರಿ. ಇಷ್ಟೇನಾ ಅನ್ನಿಸಬಹುದು, ಆದರೆ ಮುಖಕ್ಕೆ ತಾಗುವ ಗಾಳಿ ಏದುಸಿರನ್ನು ನಿಜವಾಗಿ ತಗ್ಗಿಸುತ್ತದೆ. ಒಬ್ಬರು ಮಾತ್ರ ಪಕ್ಕದಲ್ಲಿದ್ದು ನಿಧಾನವಾಗಿ ಮಾತಾಡಿ, ಉಳಿದವರು ಸುತ್ತ ನಿಲ್ಲಬೇಡಿ. ಆಕ್ಸಿಜನ್ ಬೇಕಾಗುವುದು ರಕ್ತದಲ್ಲಿ ಆಕ್ಸಿಜನ್ ಕಮ್ಮಿ ಇದ್ದರೆ ಮಾತ್ರ. ಸಣ್ಣ ಅಳತೆಯ ಮಾರ್ಫಿನ್ ಕೆಲವರಿಗೆ ಏದುಸಿರಿಗೂ ಆರಾಮ ಕೊಡಬಹುದು, ಅದಕ್ಕೆಂದು ಎಷ್ಟು ಕೊಡಬೇಕು ಎಂದು ಡಾಕ್ಟರನ್ನೇ ಕೇಳಿ. ಎದೆಯಲ್ಲಿ ನೀರು ತುಂಬಿದೆಯಾ ಎಂದೂ ಅವರು ನೋಡಬೇಕು, ಅದನ್ನು ತೆಗೆದರೆ ಹಗುರಾಗುತ್ತದೆ. ಇದ್ದಕ್ಕಿದ್ದಂತೆ ಉಸಿರು ತೀರಾ ಕಷ್ಟವಾದರೆ, ಎದೆನೋವಿದ್ದರೆ, ತುಟಿ ನೀಲಿಗಟ್ಟಿದರೆ ಮನೆಯಲ್ಲಿ ಕಾಯಬೇಡಿ.

ವಾರದ ಕೊನೆಗೆ ಮೊದಲೇ ಔಷಧಿ ಎಷ್ಟು ಉಳಿದಿದೆ ಎಂದು ಎಣಿಸಿ ನೋಡಿ. ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಡಾಕ್ಟರ ಹತ್ತಿರ ಕೇಳಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದಿಡಿ. ಅಣ್ಣನ ಫೋನಿನಲ್ಲೂ ಇರಲಿ.