ಮೇಲ್ಮನವಿ ಬಾಕಿ ಇರೋ ಕೇಸಿನ ಮ್ಯಾಲೆ ಪಾಡ್‌ಕಾಸ್ಟ್: ದಾಖಲೆ, ಕಮೆಂಟ್ ಬಗ್ಗೆ ಸಲಹೆ ಬೇಕು

ಕೃಷ್ಣಾತೀರ (ಜಮಖಂಡಿ):
ನಮಸ್ಕಾರ ರೀ. ಬಾಗಲಕೋಟೆ ಜಿಲ್ಲೆಯ ಒಂದು ಕೊಲೆ ಕೇಸಿನ ಮ್ಯಾಲೆ ಆರು ಕಂತಿನ ಪಾಡ್‌ಕಾಸ್ಟ್ ಮಾಡೋ ವಿಚಾರ ಐತಿ. ಸೆಷನ್ಸ್ ಕೋರ್ಟ್ ಆರೋಪಿಯನ್ನ ಖುಲಾಸೆ ಮಾಡೇತಿ, ಸರ್ಕಾರದ ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠದಾಗ ಬಾಕಿ ಐತಿ. ಕೇಸಿಗೆ ಸಂಬಂಧ ಇಲ್ಲದವರಿಗೆ ಯಾವ ದಾಖಲೆ ಸಿಗ್ತಾವು? ಇಂಥ ಸರಣಿಗೆ ಕೇಳುಗರು ‘ಖರೇ ಕೊಲೆಗಾರ ಇಂವನ’ ಅಂತ ಹೆಸರು ಹಾಕಿ ಬರೀತಾರ, ಅದನ್ನ ಹೆಂಗ ತಡೀಬೇಕು?

ಕರಿಕೋಟು (ಬೆಳಗಾವಿ):
ಮೊದಲು ತೀರ್ಪು ಇಳಿಸ್ಕೋರಿ. ಕೋರ್ಟ್ ಕೇಸುಗಳ ಸರ್ಕಾರಿ ಜಾಲತಾಣ ಇ-ಕೋರ್ಟ್ಸ್‌ನಾಗ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ (ಒಂದೊಂದು ಕೇಸಿಗೂ ಇರೋ ಗುರುತಿನ ನಂಬರ್) ಹಾಕ್ರಿ. ಗೊತ್ತಿಲ್ಲಂದ್ರ ಪೊಲೀಸ್ ಠಾಣೆ, ಎಫ್‌ಐಆರ್ ನಂಬರ್, ವರ್ಷದ ಮ್ಯಾಲೆ ಹುಡುಕ್ರಿ. ಕೋರ್ಟಿನಾಗ ಆದ ಸಾಕ್ಷಿ ವಿಚಾರಣೆ, ಪಾಟೀಸವಾಲು ಬೇಕಂದ್ರ ನಕಲು ಅರ್ಜಿ ಹಾಕಬೇಕು. ಪಕ್ಷಕಾರರಲ್ಲದವರು ಯಾಕ ಬೇಕು ಅಂತ ಕಾರಣ ತೋರಿಸಿ ಕೋರ್ಟಿನ ಅನುಮತಿ ತಗೋಬೇಕು. ಮೇಲ್ಮನವಿಗೆ ಮೂಲ ಕಡತ ಧಾರವಾಡಕ್ಕ ಹೋಗಿದ್ರ ಕೆಳಗಿನ ಕೋರ್ಟಿನಾಗ ಕಾಯೋದು ದಂಡ, ಕಡತ ಎಲ್ಲೈತಿ ಅಂತ ಮೊದಲ ಕೇಳ್ರಿ. (ವಿಜಯಪುರದವರು ಓದ್ತಿದ್ರ: ನಿಮ್ಮ ಜಿಲ್ಲೆ ಕಲಬುರಗಿ ಪೀಠಕ್ಕ ಬರ್ತೈತಿ.) ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆ ಅಲ್ಲ ಅಂತ 2023ರ ಜನವರಿಯಾಗ ಸುಪ್ರೀಂ ಕೋರ್ಟ್ ಹೇಳೇತಿ. ಹೈಕೋರ್ಟಿನ ನೇರಪ್ರಸಾರದ ತುಣುಕು ಕತ್ತರಿಸಿ ಹಾಕಬ್ಯಾಡ್ರಿ, ನಿಯಮ ಬಿಡೂದಿಲ್ಲ.

ಭಾಳ ಮಂದಿ ಎಡವೋದು ಇಲ್ಲಿ: ಪೊಲೀಸರ ಮುಂದಿನ ಹೇಳಿಕೆಯನ್ನ ‘ಸಾಕ್ಷ್ಯ’ ಅಂತ ಓದಿಬಿಡ್ತಾರ. ತನಿಖೆಯಾಗ ಪೊಲೀಸರು ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) ಕಲಂ 161ರ ಕೆಳಗ ಬರಕೊಳ್ಳೋ ಹೇಳಿಕೆಗೆ ಸಾಕ್ಷಿದಾರನ ಸಹಿನೂ ಇರೂದಿಲ್ಲ. ಕಟಕಟೆಯಾಗ ಅಂವ ಮಾತು ಬದಲಿಸಿದ್ರ ವ್ಯತ್ಯಾಸ ತೋರಿಸಾಕ ಅದು ಬಳಕಿ ಆಗ್ತೈತಿ, ಅಷ್ಟ. 2024ರ ಜುಲೈ 1ರಿಂದ ಅದು ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾಯ್ದೆ ಬಿಎನ್‌ಎಸ್‌ಎಸ್‌ನ ಕಲಂ 180. ಹಳೇ ಕೇಸಿನ ಕಾಗದದಾಗ 161 ಅಂತನ ಇರ್ತೈತಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯಂತೂ ಆರೋಪಿ ವಿರುದ್ಧ ನಡ್ಯೂದಿಲ್ಲ. ಇದನ್ನ ಮೊದಲ ಕಂತಿನಾಗ ಬಿಡಿಸಿ ಹೇಳದಿದ್ರ ‘ಒಪ್ಕೊಂಡಿದ್ದ, ಆದ್ರೂ ಬಿಟ್ರು’ ಅನ್ನೋ ಕಮೆಂಟಿನ ಸುರಿಮಳಿ ಆಗ್ತೈತಿ. ಅದರ ಹೊಣಿ ಕೇಳುಗರದಲ್ಲ, ಸ್ಕ್ರಿಪ್ಟಿಂದು.

ಧ್ವನಿಪೆಟ್ಟಿಗೆ (ವಿಜಯಪುರ):
ಹೆಸರು ಮುಚ್ಚಿಟ್ಟು ಮಾತಾಡೋರ ಧ್ವನಿಯನ್ನ ಬರೇ ಪಿಚ್ (ಸ್ವರದ ಎತ್ತರ) ಏರಿಳಿಸಿ ಹಾಕಬ್ಯಾಡ್ರಿ, ಅದನ್ನ ಯಾರರ ತಿರುಗಿ ಮೊದಲಿನಂಗ ಮಾಡಬಹುದು. ಅವರ ಮಾತು ಬರಕೊಂಡು ಬ್ಯಾರೇವ್ರ ಕಡಿಂದ ಓದಿಸ್ರಿ, ‘ಇದು ಬೇರೆಯವರ ಧ್ವನಿ’ ಅಂತ ಹೇಳ್ರಿ. ಹಿಂದಿನ ಸದ್ದೂ ಕಿವಿಗೊಟ್ಟು ಕೇಳ್ರಿ. ಸಕ್ಕರಿ ಕಾರ್ಖಾನಿ ಸೈರನ್, ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಕೇಳಿದ್ರ ನಮ್ಮ ಕಡೆ ಮಂದಿ ಊರ ಗುರ್ತ ಹಿಡೀತಾರ. ಜಾತ್ರಿ ತಾರೀಖು, ಓಣಿ ಹೆಸರು, ಅಡ್ಡಹೆಸರು ಮೂರೂ ಕೂಡಿದ್ರ ಮನಿನ ತೋರಿಸಿದಂಗ.

ಕೃಷ್ಣಾತೀರ:
ಒಬ್ಬ ಸಾಕ್ಷಿಗೆ ಆಗ 11 ವರ್ಷ. ಈಗ ದೊಡ್ಡವ ಆಗ್ಯಾನ. ಹೆಸರು ತೀರ್ಪಿನಾಗ ಐತಿ. ಹೇಳಬಹುದಾ?

ಕರಿಕೋಟು:
ಹೇಳಬ್ಯಾಡ್ರಿ. ಬಾಲನ್ಯಾಯ ಕಾಯ್ದೆ ಕಲಂ 74 ಸಾಕ್ಷಿ ಮಗುವಿಗೂ ಅನ್ವಯ. ಹೆಸರು, ವಿಳಾಸ, ಶಾಲೆ ಯಾವುದೂ ಹೊರಗ ಬರಬಾರದು. ತೀರ್ಪಿನಾಗ ಅಚ್ಚಾಗೇತಿ ಅನ್ನೋದು ನಿಮಗ ರಕ್ಷಣೆ ಅಲ್ಲ.

ಇನ್ನ ಕಮೆಂಟು. ಆಸ್ಟ್ರೇಲಿಯಾದ ‘ದಿ ಟೀಚರ್ಸ್ ಪೆಟ್’ ನೋಡ್ರಿ. 1982ರಾಗ ಕಾಣೆಯಾದ ಹೆಣ್ಮಗಳ ಬಗ್ಗೆ 2018ರಾಗ ಬಂದ ಸರಣಿ. ಅದೇ ವರ್ಷ ಗಂಡನ ಬಂಧನ ಆತು, ಆದ್ರ ವಿಚಾರಣೆಗೆ ಧಕ್ಕೆ ಆಗ್ತೈತಂತ 2019ರಾಗ ಆ ದೇಶದಾಗ ಕಂತುಗಳನ್ನ ಇಳಿಸಬೇಕಾತು. ಪ್ರಚಾರ ಅಷ್ಟಾಗಿದ್ದಕ್ಕ ಜ್ಯೂರಿ (ತೀರ್ಪು ಹೇಳೋ ಸಾಮಾನ್ಯ ನಾಗರಿಕರ ತಂಡ) ಇಲ್ಲದೇ ನ್ಯಾಯಾಧೀಶರೊಬ್ಬರೇ ಕೇಸು ಕೇಳಿ 2022ರಾಗ ಶಿಕ್ಷೆ ಕೊಟ್ರು. ನಮ್ಮಲ್ಲಿ ಜ್ಯೂರಿ ಇಲ್ಲ, ಆದ್ರ ಸಾಕ್ಷಿದಾರರು ಅದೇ ಊರಾಗ ಬಾಳ್ವಿ ಮಾಡ್ತಾರ. ಮೇಲ್ಮನವಿ ತೀರೋತನಕ ನ್ಯಾಯಾಂಗ ನಿಂದನೆ ಕಾಯ್ದೆ ಪ್ರಕಾರ ಕೇಸು ಬಾಕಿ ಇದ್ದಂಗ ಲೆಕ್ಕ.

ಅದಕ್ಕ ಯೂಟ್ಯೂಬ್‌ನಾಗ ಎಲ್ಲಾ ಕಮೆಂಟ್ ಪರಿಶೀಲನೆಗೆ ತಡೆಹಿಡಿಯೋ ಸೆಟ್ಟಿಂಗ್ ಹಾಕ್ರಿ. ನಿರ್ಬಂಧಿತ ಪದಗಳ ಪಟ್ಟಿಗೆ ಕೇಸಿನ ಎಲ್ಲಾರ ಹೆಸರು, ಅಡ್ಡಹೆಸರು ಸೇರಿಸ್ರಿ, ಕನ್ನಡ ಲಿಪಿಯಾಗೂ ಇಂಗ್ಲಿಷ್ ಅಕ್ಷರದಾಗೂ. ಒಂದ ಲಿಪಿಯಾಗ ಹಾಕಿದ್ರ ಅರ್ಧ ನುಸುಳಿ ಬರ್ತಾವು. ಯಾರರ ಹೊಸ ಮಾಹಿತಿ ಐತಿ ಅಂದ್ರ ಇಮೇಲ್‌ಗೆ ಕಳಸ್ರಿ ಅಂತ ಪಿನ್ ಮಾಡ್ರಿ. ಅದನ್ನ ದಾಖಲೆ ಜೋಡಿ ತಾಳೆ ನೋಡದೇ ಮುಂದಿನ ಕಂತಿನಾಗ ಓದಬ್ಯಾಡ್ರಿ. ವಾಟ್ಸಾಪ್ ಗ್ರೂಪ್ ಮಾತ್ರ ತೆರೀಬ್ಯಾಡ್ರಿ, ಅಲ್ಲಿ ಹಾಕಿದ್ದು ನೀವು ನೋಡೂದ್ರಾಗ ಹತ್ತು ಕಡೆ ಫಾರ್ವರ್ಡ್ ಆಗಿರ್ತೈತಿ.